ಅಮ್ಮನ ಸೀಟಿನಲ್ಲಿ ಈರುಳ್ಳಿ ಮೂಟೆ

ಪ್ರವಾಸ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾರಾದರೂ ಫೋಟೋ ಆಲ್ಬಮ್ ಹಿಡಿದುಕೊಂಡು ಮನೆಗೆ ಬಂದರೆ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಎಂದು ಎದ್ದು ಒಳಗೆ ಹೋಗುತ್ತೇನೆ. ನಮ್ಮ ದೇಶ ಎಷ್ಟು ದೊಡ್ಡದು, ಎಂಥೆಂಥ ಪಟ್ಟಣಗಳು, ಎಂಥ ಕಾಡು, ಒಂದು ಜನ್ಮದಲ್ಲಿ ನೋಡಿ ಮುಗಿಯುವುದಿಲ್ಲ ಎಂದು ಅವರು ಕಣ್ಣರಳಿಸುತ್ತಾರೆ. ಮುಗಿಯದಿದ್ದರೆ ಬಿಡಿ, ಯಾರು ಅತ್ತರು? ನಾನು ಎಂಟನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ, ಹತ್ತೇ ದಿನದಲ್ಲಿ, ಅದರ ಅರ್ಧ ಸುತ್ತಿ ಬಂದವಳು. ಒಂದು ಒಳ್ಳೆಯ ಮಾತೂ ನನ್ನ ಬಾಯಿಂದ ಬಂದಿಲ್ಲ.

ನಮ್ಮೂರು ಬಂಗಾರಪೇಟೆಯಿಂದ ಕಾಮಸಮುದ್ರಕ್ಕೆ ಹೋಗುವ ದಾರಿಯಲ್ಲಿದೆ. ಅಪ್ಪ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟರ್. ಬೆಳಿಗ್ಗೆ ಸೈಕಲ್ ತುಳಿದು ಬಂಗಾರಪೇಟೆ ಸ್ಟೇಷನ್ನಿಗೆ ಹೋಗಿ, ಅಲ್ಲಿಂದ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಹೊಲ, ಮನೆ, ಹಸು ಎಲ್ಲವೂ ಅಮ್ಮನ ತಲೆಗೆ. ನಾನೊಬ್ಬಳೇ ಮಗಳು.

ಗಣಿಯಿಂದ ನಿವೃತ್ತನಾದ ಮೇಸ್ತ್ರಿಯೊಬ್ಬ ಪ್ರತಿ ಬೇಸಿಗೆಯಲ್ಲೂ ರಾಬರ್ಟ್‌ಸನ್‌ಪೇಟೆಯಿಂದ ಬಸ್ಸು ಮಾಡಿಕೊಂಡು ಜನರನ್ನು ಟೂರಿಗೆ ಕರೆದೊಯ್ಯುತ್ತಿದ್ದ. ಅವನ ನೋಟೀಸು ಕನ್ನಡ, ತಮಿಳು, ತೆಲುಗು ಮೂರರಲ್ಲೂ ಅಚ್ಚಾಗಿರುತ್ತಿತ್ತು. ಮದ್ರಾಸು, ಮಧುರೆ, ಕನ್ಯಾಕುಮಾರಿ, ತಿರುವನಂತಪುರ, ಕೊಚ್ಚಿ, ತೇಕ್ಕಡಿಯ ಕಾಡು, ಊಟಿ, ಮೈಸೂರು. ಕೆಳಗೆ ದಪ್ಪ ಅಕ್ಷರದಲ್ಲಿ, ಕಾಡಾನೆಗಳನ್ನು ಕಣ್ಣಾರೆ ನೋಡಿ. ಆನೆಗಳು ಇವನ ನೋಟೀಸು ಓದಿಕೊಂಡು ಬಂದು ನಿಲ್ಲುತ್ತವೆ ಅನ್ನುವ ಹಾಗೆ.

ಆ ವರ್ಷ ಅಪ್ಪ ನೋಟೀಸು ತಂದು ಗೂಡಿನಲ್ಲಿ ಇಟ್ಟಾಗ ಅಮ್ಮ ಅದನ್ನು ತೆಗೆದು ನನ್ನ ಕೈಲಿ ಓದಿಸಿದಳು. ಕನ್ಯಾಕುಮಾರಿ ಬಂದಾಗ ನಿಲ್ಲಿಸಿ, ಅಲ್ಲಿ ಸಮುದ್ರ ಐತೇನು ಎಂದು ಕೇಳಿದಳು. ಐತೆ ಅಂದೆ. ರಾತ್ರಿ ಮುದ್ದೆ ಬಡಿಸುತ್ತಾ ಅಪ್ಪನಿಗೆ ಹೇಳಿದಳು.

"ಈ ಸಲ ನನ್ ಎಸ್ರೂ ಬರ್ಸು. ನಾನೂ ಬತ್ತೀನಿ."

ಅಪ್ಪ ತುತ್ತು ಕೈಯಲ್ಲೇ ಹಿಡಿದು ನೋಡಿದ. ಅಮ್ಮ ಯಾವತ್ತೂ ಏನನ್ನೂ ಕೇಳಿದವಳಲ್ಲ. ಬಂಗಾರಪೇಟೆ ದಾಟಿ ಅವಳು ಹೋಗಿದ್ದು ಎರಡೇ ಸಲ, ಎರಡೂ ಸಲ ಸಾವಿನ ಮನೆಗೆ. ಮೊದಲೇ ಟೂರಿಗೆ ಹೋಗಿಬಂದಿದ್ದ ಹೆಂಗಸರನ್ನು ಅವಳು ಬಾವಿಯ ಹತ್ತಿರ ಹಿಡಿದು ಏನೇನೋ ವಿಚಾರಿಸುತ್ತಿದ್ದುದು ನನಗೆ ಗೊತ್ತಿತ್ತು. ಅಲೆ ಬಂದರೆ ಎಷ್ಟು ದೂರ ಬರುತ್ತೆ? ಕಾಲ ಕೆಳಗಿನ ಮರಳು ಜಾರುತ್ತೆ ಅಂತಾರಲ್ಲ, ಭಯ ಆಗಲ್ವಾ? ಕೆರೆ ನೀರಿನ ಥರ ವಾಸನೆ ಇರುತ್ತಾ? ಅವರಿಗೆ ಯಾರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ. "ಓ, ಎಂಗಿತ್ತು ಗೊತ್ತಾ!" ಅನ್ನುವರು, ಅಷ್ಟೇ. ಅಮ್ಮನಿಗೆ ಅದು ಸಾಲದು. "ಒಂದ್ ಗಳ್ಗೆ ಅದ್ರಾಗೆ ನಿಂತ್ಕೋಬೇಕು ಕಣೇ," ಎಂದು ನನಗೆ ಹೇಳಿದಳು.

ಅಡ್ಡ ಬಂದಿದ್ದು ಹಸು. ನಮ್ಮ ಸೀಮೆ ಹಸುವಿನ ಕರು ಹುಟ್ಟಿದ ವಾರದಲ್ಲೇ ಸತ್ತಿತ್ತು. ಅಂದಿನಿಂದ ಆ ಹಸು ಅಮ್ಮನ ಕೈಗೆ ಬಿಟ್ಟು ಬೇರೆ ಯಾರ ಕೈಗೂ ಹಾಲು ಬಿಡುತ್ತಿರಲಿಲ್ಲ. ಅಪ್ಪ ಕೂತರೆ ಒದೆಯುತ್ತಿತ್ತು, ನಾನು ಕೂತರೆ ಹಾಲನ್ನು ಬಿಗಿಹಿಡಿದು ಸುಮ್ಮನೆ ಮೇವು ತಿನ್ನುತ್ತಿತ್ತು. ಹತ್ತು ದಿನ ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬಂದು ಹಸುವೇ ಹೋಗುತ್ತದೆ. ಇಂಥ ಹಸುಗಳಿಗೆ ನಮ್ಮ ಕಡೆ ಒಂದು ಉಪಾಯ ಮಾಡುತ್ತಾರೆ. ಯಾವಾಗಲೂ ಕರೆಯುವವಳು ಊರಿಗೆ ಹೋಗುವಾಗ ತಾನು ಉಟ್ಟ ಸೀರೆಯನ್ನು ಬಿಟ್ಟು ಹೋಗುತ್ತಾಳೆ. ಬದಲಿಗೆ ಬಂದವಳು ಅದನ್ನು ಉಟ್ಟು ಕೂತರೆ ಹಸು ಮೋಸ ಹೋಗುತ್ತದೆ.

ಬದಲಿಗೆ ಬಂದವಳು ನಮ್ಮ ಅತ್ತೆ, ಅಪ್ಪನ ಅಕ್ಕ. ಆಂಡರ್ಸನ್‌ಪೇಟೆಯಲ್ಲಿ ಅವಳ ಮನೆ. ಗಂಡ ತೀರಿಕೊಂಡಿದ್ದ, ಮಕ್ಕಳಿಗೆಲ್ಲ ಮದುವೆಯಾಗಿತ್ತು. ನನಗೆ ಅವಳನ್ನು ಕಂಡರೆ ಆಗುತ್ತಿರಲಿಲ್ಲ. ಎಲ್ಲದಕ್ಕೂ ಮೂಗು ಮುರಿಯುವಳು, ಅರ್ಧ ತಮಿಳಿನಲ್ಲಿ ಬೈಯುವಳು, ನನ್ನ ಜಡೆ ಎಳೆದು ಎಣ್ಣೆ ಸಾಲದು ಅನ್ನುವಳು. ಆದರೂ ಅಮ್ಮ ಹೇಳಿಕಳಿಸಿದ ಮಾರನೆಯ ದಿನವೇ ಬಟ್ಟೆ ಗಂಟು ಕಟ್ಟಿಕೊಂಡು ಬಂದಳು. "ನಡೀ, ನೀನೂ ಒಂದ್ಸಲ ಊರು ನೋಡು," ಎಂದಳು ಅಮ್ಮನಿಗೆ. ಅದನ್ನೂ ಬೈದ ಹಾಗೇ ಹೇಳಿದಳು.

ಹದಿನೈದು ದಿನ ಅಭ್ಯಾಸ ನಡೆಯಿತು. ಅಮ್ಮನ ಒಂದು ನೀಲಿ ಚೌಕಳಿ ಸೀರೆ. ಅದನ್ನು ಅಮ್ಮ ಕೊಟ್ಟಿಗೆ ಕೆಲಸಕ್ಕೆಂದೇ ಉಟ್ಟು, ಒಗೆಯದೆ ಗೂಟಕ್ಕೆ ಹಾಕುತ್ತಿದ್ದಳು. ಹಾಲು ಕರೆಯುವ ಹೊತ್ತಿಗೆ ಅತ್ತೆ ಅದನ್ನು ಸುತ್ತಿಕೊಳ್ಳುವಳು. ಮೊದಮೊದಲು ಅಮ್ಮ ಪಕ್ಕದಲ್ಲೇ ನಿಂತು ಹಸುವಿನ ಬೆನ್ನು ಸವರುತ್ತಿದ್ದಳು. ಆಮೇಲೆ ಗೋಡೆಯ ಹತ್ತಿರ ನಿಂತಳು. ಆಮೇಲೆ ಬಾಗಿಲ ಆಚೆ. ಕೊನೆಯ ನಾಲ್ಕು ದಿನ ಅತ್ತೆ ಒಬ್ಬಳೇ ಕೂತು ಬಕೆಟ್ಟು ತುಂಬಿಸಿಕೊಂಡು ಬಂದಳು. ಅಮ್ಮ ಹೊಸಿಲ ಮೇಲೆ ಕೂತು ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹಸು ಗುರುತು ಹಿಡಿಯುವುದು ಏನನ್ನು ಎಂಬುದರ ಬಗ್ಗೆ ಅಪ್ಪನಿಗೂ ಊರ ಡೈರಿಯಲ್ಲಿ ಹಾಲು ಅಳೆಯುವವನಿಗೂ ವಾದ ಇತ್ತು. ಡೈರಿಯವನು ವಾಸನೆ ಅನ್ನುತ್ತಿದ್ದ. ಅಪ್ಪ ಬಣ್ಣ ಅನ್ನುತ್ತಿದ್ದ. ಅಪ್ಪ ಹೇಳಿದ ಮೇಲೆ ನಮ್ಮ ಮನೆಯಲ್ಲಿ ಅದು ಬಣ್ಣವೇ. ಗಣಿಯ ಮೆಷಿನ್ನುಗಳನ್ನು ಬಿಚ್ಚಿ ಕಟ್ಟುವವನಿಗೆ ಒಂದು ಹಸು ಅರ್ಥವಾಗುವುದಿಲ್ಲವೇ! ನಾನು ನಂಬಿದ್ದೆ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಅಮ್ಮ ಚಪ್ಪಲಿ ತರಲು ಬಂಗಾರಪೇಟೆಗೆ ಹೋಗಿದ್ದಳು. ಅತ್ತೆ ಗೂಟದ ಮೇಲಿದ್ದ ಸೀರೆಯನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿ, "ಅಯ್ಯೋ ಕಡವುಳೇ, ಇನ್ನೂ ಅತ್ ದಿನ ಈ ನಾತ ಸುತ್ಕೋಬೇಕಾ ನಾನು? ಮೈಯೆಲ್ಲ ಕೆರೀತೈತೆ," ಎಂದಳು. ನನಗೆ ದಿಗಿಲಾಯಿತು. ಇವಳು ನಾವು ಅತ್ತ ಹೋದ ಮೇಲೆ ಇತ್ತ ಸೀರೆ ಬಿಸಾಡಿಬಿಟ್ಟರೆ? ಹಸು ಒದ್ದು, ಯಾರಾದರೂ ತಂತಿ ಕೊಟ್ಟು, ಅಮ್ಮನನ್ನು ಅರ್ಧ ದಾರಿಯಿಂದ ವಾಪಸು ಕರೆಸಿದರೆ? ಅತ್ತೆ ಮಲಗಿದ ಹೊತ್ತು ನೋಡಿ ಸೀರೆ ತೆಗೆದುಕೊಂಡು ಬಾವಿಯ ಹತ್ತಿರ ಹೋದೆ. ಬಾರ್ ಸೋಪು ಹಾಕಿ ತಿಕ್ಕಿದೆ. ಬಣ್ಣ ಚೆನ್ನಾಗಿ ಎದ್ದು ಕಾಣಲಿ, ಹಸುವಿಗೆ ಅನುಮಾನವೇ ಬರದಿರಲಿ ಎಂದು ಕೊನೆಯ ನೀರಿಗೆ ಬಟ್ಟೆಗೆ ಹಾಕುವ ನೀಲಿ ಪುಡಿಯನ್ನೂ ಒಂದು ಚಿಟಿಕೆ ಹಾಕಿದೆ. ಬಿಸಿಲಿಗೆ ಗಂಟೆಯಲ್ಲಿ ಒಣಗಿತು. ಮಡಿಸಿ ಗೂಟಕ್ಕೆ ಹಾಕಿದೆ. ಅಷ್ಟು ಬುದ್ಧಿವಂತಿಕೆಯ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ.

ಅಮ್ಮ ಸಂಜೆ ಬಂದವಳು, ಇವತ್ತೊಂದು ದಿನ ನಾನೇ ಕರೆಯುತ್ತೇನೆ ಎಂದು ಉಟ್ಟಿದ್ದ ಸೀರೆಯಲ್ಲೇ ಕೂತು ಕರೆದಳು. ಆಮೇಲೆ, ಊರಿಗೆ ಹೊರಡುವಾಗ ಮನೆಯಲ್ಲಿ ಮಾಸಲು ಬಟ್ಟೆ ಇರಬಾರದು ಎಂದು ಅದನ್ನೂ ಮಿಕ್ಕದ್ದನ್ನೂ ನೆನೆಹಾಕಿ ಒಗೆದುಹಾಕಿದಳು. ನೀಲಿ ಸೀರೆಯೊಂದು ಇದೆಯಲ್ಲ ಎಂಬುದು ಅವಳ ಲೆಕ್ಕ.

ಬೆಳಿಗ್ಗೆ ಅಮ್ಮ ಹೊಸ ಸೀರೆ ಉಟ್ಟು, ಹೊಸ ಚಪ್ಪಲಿ ಹಾಕಿಕೊಂಡು, ಟ್ರಂಕಿನ ಮೇಲೆ ಕೂತಿದ್ದಳು. ಎಂಟು ಗಂಟೆಗೆ ರಾಬರ್ಟ್‌ಸನ್‌ಪೇಟೆಯಿಂದ ಬಸ್ಸು. ಅಮ್ಮನೇ ಒಗೆದಿಟ್ಟಿದ್ದಾಳೆ ಅಂದುಕೊಂಡಳೋ ಏನೋ, ಅತ್ತೆ ನೀಲಿ ಸೀರೆ ಸುತ್ತಿಕೊಂಡು ಕೊಟ್ಟಿಗೆಗೆ ಹೋದಳು. ಒಂದು ನಿಮಿಷಕ್ಕೆಲ್ಲ ಬಕೆಟ್ಟು ಉರುಳಿದ ಸದ್ದು ಕೇಳಿತು. ಅತ್ತೆ ಮತ್ತೆ ಕೂತಳು, ಹಸು ಮತ್ತೆ ಒದ್ದಿತು. ಹಿಂಡಿ ಇಟ್ಟರು, ಬೆಲ್ಲ ತಿನ್ನಿಸಿದರು. ಹಸು ಬೆಲ್ಲ ತಿಂದು ಹಾಲು ಬಿಗಿಹಿಡಿಯಿತು. ಅಪ್ಪ ಗಡಿಯಾರ ನೋಡಿಕೊಂಡು ಕುಣಿದಾಡಿದ.

"ನಿನ್ ಕೈ ಸರಿಯಿಲ್ಲ ಕಣಕ್ಕ! ಅದಿನೈದ್ ದಿನ ಏನ್ ಕಲ್ತೆ ನೀನು? ಇವ್ಳು ಓಗ್ತಾವ್ಳಲ್ಲಾ ಅಂತ ಒಟ್ಟೆಯುರಿ ನಿಂಗೆ!"

"ನಂಗ್ಯಾಕಲಾ ಒಟ್ಟೆಯುರಿ? ನಿನ್ನೆ ಬೆಳಿಗ್ಗೆ ತಾನೇ ಬಕೀಟು ತುಂಬ ಕರೆದೀನಿ. ಅಸಕ್ಕೆ ಏನಾಗೈತೋ ನೋಡು!"

ಅಮ್ಮ ಕೊಟ್ಟಿಗೆಯೊಳಕ್ಕೆ ಬಂದು ಅತ್ತೆಯ ಸೆರಗನ್ನು ಹಿಡಿದು ಮೂಗಿನ ಹತ್ತಿರ ತಂದಳು. ನನಗೆ ಆ ಕ್ಷಣವೇ ಎಲ್ಲ ಅರ್ಥವಾಯಿತು. ಡೈರಿಯವನು ಹೇಳಿದ್ದೇ ಸರಿ, ಅಪ್ಪ ಹೇಳಿದ್ದು ತಪ್ಪು, ಸೋಪು ಹಾಕಿದವಳು ನಾನು. ಅಮ್ಮನ ವಾಸನೆಯ ಬಟ್ಟೆ ಮನೆಯಲ್ಲಿ ಇನ್ನೊಂದಿರಲಿಲ್ಲ, ಹೊಸದಾಗಿ ವಾಸನೆ ಹತ್ತಲು ದಿನಗಳು ಬೇಕು. ಬಾಯಿ ಬಿಡಲಿಲ್ಲ. ಅಮ್ಮ ಸೆರಗನ್ನು ಕೈಬಿಟ್ಟಳು. ಒಳಗೆ ಹೋಗಿ ಹೊಸ ಸೀರೆ ಬಿಚ್ಚಿಟ್ಟು, ಒಗೆದ ಹಳೆಯದೊಂದನ್ನು ಸುತ್ತಿಕೊಂಡು ಬಂದು, ಹಸುವಿನ ಹೊಟ್ಟೆಗೆ ತಲೆ ಆನಿಸಿ ಕೂತಳು. ಹಸು ಅವಳ ತಲೆ, ಭುಜ ಎಲ್ಲ ಮೂಸಿ ನೋಡಿತು. ಹಾಲು ಬಕೆಟ್ಟಿಗೆ ಜೋರಾಗಿ ಬಿತ್ತು.

"ನೀವು ಒರಡ್ರಿ. ನಾನ್ ಬರಲ್ಲ," ಎಂದಳು, ಕರೆಯುವುದನ್ನು ನಿಲ್ಲಿಸದೆ.

ಹೊರಟೆವು. ನಾನು ಆಗಲೂ ಹೇಳಬಹುದಿತ್ತು. ಬಂಗಾರಪೇಟೆಯವರೆಗೂ ಹೇಳಬಹುದಿತ್ತು. ಅಪ್ಪನ ಕೋಪ ನನಗೆ ಗೊತ್ತಿತ್ತು, ಅದರ ಹೆದರಿಕೆ ಒಂದು ಕಡೆ. ಆದರೆ ಬರೀ ಹೆದರಿಕೆ ಎಂದರೆ ಸುಳ್ಳಾಗುತ್ತದೆ. ಅಪ್ಪ ಅತ್ತೆಯನ್ನು ಬೈಯುವಾಗ ನನ್ನೊಳಗೆ ಒಂದು ಮೂಲೆಯಲ್ಲಿ ಬೈಸಿಕೊಳ್ಳಲಿ ಅನ್ನಿಸಿತ್ತು.

ಬಸ್ಸಿನಲ್ಲಿ ಅಪ್ಪನಿಗೆ ಮುಂದೆ ಗಂಡಸರ ಜೊತೆ ಸೀಟು, ನನಗೂ ಅಮ್ಮನಿಗೂ ಹಿಂದೆ ಕಿಟಕಿಯ ಪಕ್ಕ ಎರಡು. ಮೇಸ್ತ್ರಿ ಕೊರಳಿಗೆ ವಿಷಲ್ ಕಟ್ಟಿಕೊಂಡು ಬಂದು ಖಾಲಿ ಸೀಟು ನೋಡಿದ. "ಅಮ್ಮಾ ವರಲಿಯಾ? ನಲ್ಲದಾ ಪೋಚ್ಚು, ಜಾಗ ಸಿಕ್ಕಿತು," ಎಂದು, ಅಡುಗೆಯವನನ್ನು ಕೂಗಿ, ಈರುಳ್ಳಿ ಮೂಟೆಯನ್ನು ತಂದು ಅಲ್ಲಿ ಕೂರಿಸಿದ. ಒಳ್ಳೆಯದೇ ಆಯಿತಂತೆ! ಹತ್ತು ದಿನ ನಾನು ಆ ಮೂಟೆಯ ಪಕ್ಕ ಕೂತೆ. ತಿರುವಿನಲ್ಲಿ ಅದು ನನ್ನ ಮೇಲೆ ಒರಗುತ್ತಿತ್ತು, ನಾನು ಮೊಣಕೈಯಿಂದ ತಿವಿಯುತ್ತಿದ್ದೆ.

ಮದ್ರಾಸಿನಲ್ಲಿ ಎಲ್ಲರೂ ಬೀಚಿಗೆ ಓಡಿದರು. ನಾನು ತಲೆನೋವು ಎಂದು ಬಸ್ಸಿನಲ್ಲೇ ಕೂತೆ. ಕಿಟಕಿಯಾಚೆ ಬಣ್ಣ ಬಳಿದ ಸಿನಿಮಾ ಬೋರ್ಡುಗಳು, ಹೂವಿನವರ ಕೂಗಾಟ, ರಿಕ್ಷಾಗಳು, ಸುಂಡಲ್ ಮಾರುವವರು, ಬೆವರಿನಲ್ಲಿ ತೊಯ್ದ ಜನ. ಎಲ್ಲರಿಗೂ ಎಲ್ಲಿಗೋ ಹೋಗುವ ಅವಸರ. ಈ ಊರಿನ ಮೇಲೆ ಒಂದು ಬಂಡೆ ಬೀಳಬಾರದೇ ಎಂದುಕೊಂಡೆ. ಮಧುರೆಯಲ್ಲಿ ಗೋಪುರ ನೋಡಲು ಕತ್ತೆತ್ತದೆ, ಸುಟ್ಟ ಕಲ್ಲಿನ ಮೇಲೆ ಬರಿಗಾಲಿನಲ್ಲಿ ಅವರಿವರ ಹಿಂದೆ ನಡೆದು ವಾಪಸು ಬಂದೆ.

ಅಷ್ಟು ಹೊತ್ತಿಗೆ ಬಸ್ಸಿನವರಿಗೆಲ್ಲ ನಮ್ಮ ಅತ್ತೆಯ ಕಥೆ ಗೊತ್ತಾಗಿತ್ತು. ಅಪ್ಪ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ, ದಿನಕ್ಕೊಂದಿಷ್ಟು ಉಪ್ಪುಖಾರ ಸೇರಿಸಿ. ಹಸು ಒದ್ದಾಗ ಅತ್ತೆ ಸಗಣಿಯಲ್ಲಿ ಬಿದ್ದಳು ಅಂದ. ಬಿದ್ದಿರಲಿಲ್ಲ. ಒಬ್ಬ ಹೆಂಗಸು ನನ್ನ ಕಡೆ ತಿರುಗಿ, "ಅವುನಾ ಪಾಪಾ? ನಿಮ್ಮತ್ತೆ ಬೇಕೂಂತ್ಲೇ ಮಾಡುದ್ಲಾ?" ಎಂದು ಕೇಳಿದಳು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು.

"ಊಂ. ಮೊಲೆ ಚಿವುಟ್ತಾಳೆ ಅವ್ಳು. ನಾನೇ ನೋಡೀನಿ," ಎಂದೆ.

ಈಗಲೂ ಆ ಮಾತು ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕನ್ಯಾಕುಮಾರಿಗೆ ಬೆಳಿಗ್ಗೆ ಮುಟ್ಟಿದೆವು. ಅಪ್ಪ ಪ್ಯಾಂಟನ್ನು ಮಂಡಿಯವರೆಗೆ ಮಡಿಸಿಕೊಂಡು ನೀರಿಗೆ ಇಳಿದ. ಅಲೆ ಬಂದಾಗಲೆಲ್ಲ ಕೇಕೆ ಹಾಕಿ ಹಿಂದಕ್ಕೆ ಓಡುವನು, ಮತ್ತೆ ಮುಂದಕ್ಕೆ ಹೋಗುವನು. ಮನೆಯಲ್ಲಿ ನಗುವನ್ನು ಬೀಗ ಹಾಕಿ ಇಟ್ಟುಕೊಂಡಿದ್ದ ಮನುಷ್ಯ ಇಲ್ಲಿ ಹುಡುಗನ ಥರ ಆಡುತ್ತಿದ್ದ. ನನಗೆ ಅವನನ್ನು ಕಂಡು ಎಷ್ಟು ದ್ವೇಷ ಬಂತೆಂದರೆ, ಒಂದು ದೊಡ್ಡ ಅಲೆ ಬಂದು ಅವನನ್ನು ಮಗುಚಿಹಾಕಲಿ ಎಂದು ಕಾದೆ. ಬರಲಿಲ್ಲ.

"ಬಾರೇ! ಕಾಲಾರ ಇಡೇ!" ಎಂದು ಕೂಗಿದ.

"ಅಮ್ಮ ಇದ್ದಿದ್ರೆ ಇಡ್ತಿದ್ಲು."

"ಅವ್ಳಿಗೆ ಬೇಕಾಗಿದ್ದಿದ್ರೆ ಬತ್ತಿರ್ಲಿಲ್ವಾ? ಅವ್ಳಿಗೆ ಅಸಾನೇ ಎಚ್ಚು."

ನಾನು ಸಮುದ್ರಕ್ಕೆ ಬೆನ್ನು ಹಾಕಿ ಒಣ ಮರಳಿನಲ್ಲಿ ಕೂತುಬಿಟ್ಟೆ. ಎದುರಿಗೆ ಚಿಪ್ಪಿನ ಸರ ಮಾರುವ ಅಂಗಡಿಗಳು, ಒಂದು ನಲ್ಲಿ, ಮಲಗಿದ್ದ ನಾಯಿ. ಅದನ್ನೇ ಒಂದು ಗಂಟೆ ನೋಡಿದೆ. ಹಿಂದೆ ಸದ್ದು ಕೇಳುತ್ತಲೇ ಇತ್ತು. ಕಿವಿಗೆ ಬೆರಳು ಇಟ್ಟುಕೊಂಡೆ. ಅಮ್ಮನಿಗೆ ಸಿಗದ್ದು ನನಗೆ ಬೇಡ ಎಂಬುದು ನನ್ನ ಹಟ. ನನಗೆ ನಾನೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದೇನೆ, ಅದು ದೊಡ್ಡ ತ್ಯಾಗ ಎಂದೂ ಅನ್ನಿಸಿತ್ತು.

ತೇಕ್ಕಡಿಯಲ್ಲಿ ದೋಣಿ ಹತ್ತಿಸಿದರು. ನೀರಿನಲ್ಲಿ ನಿಂತ ಸತ್ತ ಮರಗಳು, ಸುತ್ತ ಕಪ್ಪಗೆ ಕಾಡು. ಆನೆಗಳು ಬಂದವು ಎಂದು ದೋಣಿಯವರೆಲ್ಲ ಒಂದೇ ಕಡೆಗೆ ವಾಲಿದರು, ದೋಣಿ ಓಲಾಡಿತು, ಮೇಸ್ತ್ರಿ ವಿಷಲ್ ಊದಿದ, ಯಾರೋ ದೇವರನ್ನು ಕೂಗಿದರು. ನಾನು ಕಾಲ ಕೆಳಗಿನ ಹಲಗೆಯ ಮೊಳೆಗಳನ್ನು ನೋಡುತ್ತಾ ಕೂತೆ. ಏಳು ಮೊಳೆ ಇದ್ದವು. ಊಟಿಯ ಚಳಿ, ಮೈಸೂರಿನ ದೀಪ, ಎಲ್ಲವನ್ನೂ ಹೀಗೇ ಮುಗಿಸಿದೆ. ಮುಖ ಗಂಟಿಕ್ಕಿಕೊಂಡೇ ಬಂಗಾರಪೇಟೆಯಲ್ಲಿ ಇಳಿದೆ.

ಮನೆಗೆ ಬಂದಾಗ ಅತ್ತೆ ಅಂಗಳದಲ್ಲಿ ಹುಲ್ಲಿನ ಹೊರೆ ಬಿಚ್ಚುತ್ತಿದ್ದಳು. ಅವಳು ಹೋಗಿರಲಿಲ್ಲ. ಹಾಲು ಕರೆಯಲಾಗದಿದ್ದರೂ ಹತ್ತು ದಿನ ಸಗಣಿ ಬಾಚಿ, ಹುಲ್ಲು ಕೊಯ್ದು, ಅಮ್ಮನಿಗೆ ಅಷ್ಟಾದರೂ ಬಿಡುವು ಸಿಗಲಿ ಎಂದು ಉಳಿದಿದ್ದಳು. ಅಪ್ಪನ ಮುಖ ನೋಡದೆ ನನಗೆ ಹೇಳಿದಳು.

"ಬಂದ್ಯಾ ಅಮ್ಮಣ್ಣಿ? ನಾನ್ ಓಗ್ತೀನಿ. ಇನ್ ಯಾವತ್ತೂ ಈ ಕೈನ ಕರೀಬೇಡ್ರಿ."

ಆ ಸಂಜೆಯ ಬಸ್ಸಿಗೇ ಹೋದಳು. ಎಷ್ಟೋ ವರ್ಷ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ನಾನು ಅವಳಿಗೆ ಎಲ್ಲವನ್ನೂ ಹೇಳುವಷ್ಟು ದೊಡ್ಡವಳಾಗುವ ಹೊತ್ತಿಗೆ ಅವಳಿಗೆ ಯಾರ ಗುರುತೂ ಸಿಗುತ್ತಿರಲಿಲ್ಲ.

ಅತ್ತೆಯನ್ನು ಬಸ್ಸು ಹತ್ತಿಸಿ ಬಂದು ಅಮ್ಮ ಹಾಲಿಗೆ ಕೂತಳು. ನನ್ನನ್ನು ಪಕ್ಕಕ್ಕೆ ಕರೆದಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ. ಹಬ್ಬದ ದಿನ ಒಬ್ಬಟ್ಟು ಸುಡುವಾಗ ಇರುವಂಥ ಒಂದು ಕಳೆ ಇತ್ತು.

"ಊಂ, ಏಳು. ಎಂಗಿತ್ತು ಸಮುದ್ರ?"

"ಏನಿಲ್ಲ. ಬರೀ ನೀರು."

"ಮರಳು ಜಾರ್ತಾ ಕಾಲ್ ಕೆಳ್ಗೆ?"

"ನಾನ್ ಇಳೀಲಿಲ್ಲ."

"ಯಾಕೆ?"

"ಬೇಕಾಗಿರ್ಲಿಲ್ಲ."

"ಆನೆ?"

"ನೋಡ್ಲಿಲ್ಲ."

ಅಮ್ಮನ ಕೈ ನಿಂತಿತು. ನನಗೆ ತಡೆಯಲಾಗಲಿಲ್ಲ. ಗೋಳೋ ಎಂದು ಅತ್ತು, ಸೀರೆ ಒಗೆದವಳು ನಾನೇ, ಅತ್ತೆಯ ತಪ್ಪಿಲ್ಲ, ನಿನ್ನನ್ನು ಬಿಟ್ಟು ನಾನು ಏನನ್ನೂ ನೋಡಬಾರದು ಅಂತ ನೋಡಲಿಲ್ಲ ಎಂದೆ. ಅವಳು ತಬ್ಬಿಕೊಳ್ಳುತ್ತಾಳೆ ಎಂದೇ ನಾನು ಎಣಿಸಿದ್ದು.

"ನಂಗ್ ಗೊತ್ತಿತ್ತು ಕಣೇ," ಎಂದಳು ಅಮ್ಮ. ದನಿ ತಣ್ಣಗಿತ್ತು. "ಮೂಗಿಗಿಡ್ಕೊಂಡಾಗ್ಲೇ ಗೊತ್ತಾಯ್ತು. ಈ ಮನೇಲಿ ನೀಲಿ ಆಕೋಳು ಇನ್ಯಾರು? ಬಾಯ್ ಬಿಟ್ಟಿದ್ರೆ ನಿಮ್ಮಪ್ಪ ನಿನ್ನ ಚಚ್ಚಿ ಇಲ್ಲೇ ಬಿಟ್ ಓಗ್ತಿದ್ದ. ನಾನಂತೂ ಇಲ್ಲ, ನೀನಾರ ನೋಡ್ಕೊಂಡ್ ಬಂದು ಏಳ್ತೀಯ ಅಂತ ಸುಮ್ಕಾದೆ. ನಿಮ್ಮತ್ತೆ ಮೇಲೆ ಬರೋ ಮಾತು ಬರ್ಲಿ ಅಂತ ಬಿಟ್ಟೆ. ಅತ್ ದಿನ ಅವ್ಳ್ ಮುಖ ನೋಡಾಕೆ ಆಗಿಲ್ಲ ನಂಗೆ. ಅದ್ನೆಲ್ಲ ಮಾಡಿದ್ದು ಯಾತಕ್ಕೆ? ನೀನು ಕಾಲೂ ನೆನೆಸ್ದೆ ಬಂದಿದ್ದೀಯ!"

"ಅಮ್ಮಾ..."

"ಎದ್ದೋಗು ಆಚೆಗೆ. ಅಸ ಬೆದರ್ತೈತೆ."

ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಬಡಿಸುವಳು, ಹೋಗುವಳು. ನಾಲ್ಕನೇ ದಿನ ನಾನು ಒಂದು ನಿರ್ಧಾರ ಮಾಡಿದೆ. ಅಪ್ಪ ಸಂಜೆ ಜಗುಲಿಯಲ್ಲಿ ಕೂತು ಊರಿನವರಿಗೆ ಟೂರಿನ ಕಥೆ ಹೇಳುತ್ತಿದ್ದುದನ್ನು ಒಳಗಿನಿಂದ ಕಿವಿಯಿಟ್ಟು ಕೇಳಿದೆ. ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡೆ. ಮಾರನೆಯ ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ, ಅಮ್ಮನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ನಾನೇ ಶುರುಮಾಡಿದೆ. ನಾನು ಅವತ್ತು ಸಿಟ್ಟಿನಲ್ಲಿ ಹಾಗೆ ಹೇಳಿದೆ, ಕಾಲಿಟ್ಟಿದ್ದೆ ಅಮ್ಮ ಎಂದೆ. ಅಲೆ ದೂರದಲ್ಲಿ ಗೋಡೆಯ ಥರ ಎದ್ದು, ಹತ್ತಿರ ಬರುತ್ತಾ ಕುಗ್ಗಿ, ಕಾಲಿಗೆ ಬರುವಾಗ ಬರೀ ನೊರೆಯಾಗಿ ಬರುತ್ತೆ. ವಾಪಸು ಹೋಗುವಾಗ ಹಿಮ್ಮಡಿಯ ಕೆಳಗಿನ ಮರಳನ್ನು ಎಳೆದುಕೊಂಡು ಹೋಗುತ್ತೆ, ಯಾರೋ ಕೆಳಗಿನಿಂದ ಅಗೆದ ಹಾಗಿರುತ್ತೆ. ನಾಲಿಗೆಗೆ ಇಟ್ಟರೆ ಉಪ್ಪಲ್ಲ, ಕಹಿ. ಮೂರು ಕಡೆಯಿಂದ ಮೂರು ಬಣ್ಣದ ನೀರು ಬಂದು ಸೇರುತ್ತೆ.

ಅಮ್ಮ ತಲೆಯನ್ನು ಹಸುವಿನ ಹೊಟ್ಟೆಗೆ ಆನಿಸಿಕೊಂಡೇ ಎಲ್ಲವನ್ನೂ ಕೇಳಿದಳು. ಹಾಲು ಕರೆದು ಮುಗಿಸಿ, ಬಕೆಟ್ಟನ್ನು ಪಕ್ಕಕ್ಕೆ ಸರಿಸಿ, ನನ್ನ ಕಡೆ ತಿರುಗಿದಳು.

"ಇದು ನಿಮ್ಮಪ್ಪಂದು. ಅವ್ನು ಬಂದ್ ದಿನಾನೇ ಏಳಿದ್ದಾನೆ," ಎಂದಳು. "ನಿಂದ್ ಏಳು, ನೀನ್ ಕಂಡಿದ್ದು."

ನನ್ನ ಹತ್ತಿರ ಇದ್ದಿದ್ದು ಒಂದು ನಲ್ಲಿ, ಒಂದು ನಾಯಿ, ದೋಣಿಯ ಹಲಗೆಯ ಏಳು ಮೊಳೆ. ಅವಳು ಕೈ ತೊಳೆದುಕೊಂಡು ಬಕೆಟ್ಟಿಗೆ ಬಟ್ಟೆ ಮುಚ್ಚಿದಳು. ಆಮೇಲೆ ಹಾಲೆತ್ತಿಕೊಂಡು ಡೈರಿಗೆ ಹೋದಳು.